ಅಳತೆಯ ಮಾತು: ಮುಂಬಯಿಯಲ್ಲಿ ಫೋನಿನ ಬೆಲೆ

ಮುಂಬಯಿಯ ಕನ್ನಡ ಸಂಘಸಂಸ್ಥೆಗಳ ಹಳೆಯ ಸ್ಮರಣ ಸಂಚಿಕೆಗಳನ್ನು ತಿರುವುವಾಗ ಎಷ್ಟೋ ಸಲ ಲೇಖನಗಳಿಗಿಂತ ಜಾಹೀರಾತುಗಳೇ ನಮ್ಮನ್ನು ಹಿಡಿದು ನಿಲ್ಲಿಸುತ್ತವೆ. ಹೋಟೆಲು, ಮುದ್ರಣಾಲಯ, ಕೇಟರಿಂಗ್, ವಿಮಾ ಏಜೆನ್ಸಿ, ಹೀಗೆ ಒಂದೊಂದರ ಅಡಿಯಲ್ಲೂ ಒಂದು ದೂರವಾಣಿ ಸಂಖ್ಯೆ. ಕೆಲವದರ ಪಕ್ಕದಲ್ಲಿ ‘ಪಿ.ಪಿ.’ ಎಂಬ ಎರಡಕ್ಷರ. ಇಂದಿನ ತರುಣರಿಗೆ ಅದನ್ನು ಬಿಡಿಸಿ ಹೇಳಬೇಕಾಗುತ್ತದೆ. ಈ ಫೋನು ನನ್ನದಲ್ಲ, ನೆರೆಯವರದು. ನೀವು ಕರೆ ಮಾಡಿ ನನ್ನ ಹೆಸರು ಹೇಳಿದರೆ ಅವರು ಚಾಳಿನ ಮೊಗಸಾಲೆಗೆ ಬಂದು ನನ್ನನ್ನು ಕೂಗಿ ಕರೆಯುತ್ತಾರೆ ಎಂಬುದು ಅದರ ಅರ್ಥ. ಕರೆ ಬಂದವನು ಮೂರು ಮಹಡಿ ಇಳಿದು ಓಡುವಷ್ಟು ಹೊತ್ತು, ಕರೆ ಮಾಡಿದವನ ಮೀಟರು ಓಡುತ್ತಲೇ ಇರುತ್ತಿತ್ತು.

ಫೋನಿನ ದರ ನ್ಯಾಯವೋ ಅನ್ಯಾಯವೋ ಎಂಬ ಚರ್ಚೆಯನ್ನು ನಾವು ಸಾಮಾನ್ಯವಾಗಿ ಮೊಬೈಲಿನಿಂದ ಆರಂಭಿಸುತ್ತೇವೆ. ಆದರೆ ಈ ನಗರದಲ್ಲಿ ಆ ಪ್ರಶ್ನೆ ಹೆಚ್ಚು ಹಳೆಯದು. 1882ರ ಜನವರಿ 28ರಂದು ಓರಿಯೆಂಟಲ್ ಟೆಲಿಫೋನ್ ಕಂಪನಿಯು ಕಲ್ಕತ್ತ, ಮದ್ರಾಸುಗಳೊಡನೆ ಮುಂಬಯಿಯಲ್ಲೂ ವಿನಿಮಯ ಕೇಂದ್ರ ತೆರೆದಂದಿನಿಂದ, 1943ರಲ್ಲಿ ಸರಕಾರವು ಬಾಂಬೆ ಟೆಲಿಫೋನ್ ಕಂಪನಿಯನ್ನು ತನ್ನ ಕೈಗೆ ತೆಗೆದುಕೊಳ್ಳುವವರೆಗೂ ಇಲ್ಲಿ ಫೋನು ಖಾಸಗಿ ವ್ಯಾಪಾರವೇ ಆಗಿತ್ತು. ಅನಂತರದ ಅರ್ಧ ಶತಮಾನ ಸರಕಾರದ್ದು. 1986ರಲ್ಲಿ ಮುಂಬಯಿ ಮತ್ತು ದೆಹಲಿಗಳಿಗಾಗಿ ಮಹಾನಗರ ಟೆಲಿಫೋನ್ ನಿಗಮ ಹುಟ್ಟಿದ ಮೇಲೂ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು ತಪ್ಪಲಿಲ್ಲ. ಸಾವಿರಾರು ರೂಪಾಯಿ ಠೇವಣಿ ಇಟ್ಟು ‘ಓನ್ ಯುವರ್ ಟೆಲಿಫೋನ್’ ಯೋಜನೆಗೆ ಸೇರಿದವರಿಗೆ ಸಾಲು ಚಿಕ್ಕದು, ಉಳಿದವರಿಗೆ ಪಿ.ಪಿ.

ಊರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಅರ್ಜೆಂಟಿಗೆ ಇಮ್ಮಡಿ, ಲೈಟ್ನಿಂಗಿಗೆ ಎಂಟು ಮಡಿ. ಸಾವಿನ ಸುದ್ದಿ ಮಾತ್ರ ಲೈಟ್ನಿಂಗಿನಲ್ಲಿ ಬರುತ್ತಿತ್ತು ಎಂದು ಹಿರಿಯರು ಹೇಳುವುದರಲ್ಲಿ ಉತ್ಪ್ರೇಕ್ಷೆ ಕಡಿಮೆ. ಮಾತಿನ ನಡುವೆ ಆಪರೇಟರಳ ದನಿ ನುಗ್ಗಿ ‘ಮೂರು ನಿಮಿಷ ಆಯಿತು’ ಎನ್ನುತ್ತಿತ್ತು. ನಮ್ಮ ಕಥೆಗೆ ಈ ಮೂರು ನಿಮಿಷವೇ ಮೊದಲ ಸೂತ್ರ. ಬೆಲೆ ಎಷ್ಟೆಂಬುದನ್ನು ಎಲ್ಲರೂ ಕೇಳುತ್ತಾರೆ. ಯಾವ ಅಳತೆಗೆ ಆ ಬೆಲೆ ಎಂಬುದನ್ನು ಕೇಳುವವರು ವಿರಳ. ಊರಿನ ಸಂತೆಯಲ್ಲಿ ಅಕ್ಕಿಯ ದರವನ್ನು ಮಾತ್ರ ವಿಚಾರಿಸಿ ಸೇರಿನ ತಳ ನೋಡದೆ ಬರುವವನನ್ನು ನಮ್ಮ ಅಜ್ಜಿಯರು ಮನೆಯ ಯಜಮಾನಿಕೆಗೆ ತಕ್ಕವನೆಂದು ಒಪ್ಪುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಗೆ ಎಸ್.ಟಿ.ಡಿ. ಬೂತುಗಳು ಬಂದವು. ರಾತ್ರಿ ಹನ್ನೊಂದರ ಮೇಲೆ ಕಾಲು ದರ. ಉಡುಪಿ ಹೋಟೆಲುಗಳು ಬಾಗಿಲೆಳೆದು, ಪಾತ್ರೆ ತೊಳೆದು, ಮೋರಿ ಗುಡಿಸಿ ಮುಗಿಸುವ ಹೊತ್ತೂ ಅದೇ. ಫೋರ್ಟ್, ಮಾಟುಂಗ, ಅಂಧೇರಿ ಮುಂತಾದ ಕಡೆ ಹೋಟೆಲ್ ಹುಡುಗರು ಗಾಜಿನ ಗೂಡಿನ ಮುಂದೆ ಸಾಲುಗಟ್ಟಿ, ಒಳಗಿನ ಕೆಂಪು ಅಂಕಿಗಳ ಮೇಲೆ ಕಣ್ಣಿಟ್ಟು ನಿಂತ ದೃಶ್ಯ ಈ ನಗರದ ಕನ್ನಡ ಬದುಕಿನ ಒಂದು ಅಧ್ಯಾಯ. ಕಾಲು ದರ ಬಡವರ ಮೇಲಿನ ಕರುಣೆಯಿಂದ ಬಂದುದಲ್ಲ; ರಾತ್ರಿ ಖಾಲಿ ಬಿದ್ದಿರುವ ತಂತಿಯನ್ನು ತುಂಬಿಸುವ ಲೆಕ್ಕಾಚಾರ ಅದು. ಆದರೂ ಅದರಲ್ಲಿ ಒಂದು ಪ್ರಾಮಾಣಿಕತೆ ಇತ್ತೆಂದು ನಮಗೆ ತೋರುತ್ತದೆ. ಅಂಕಿ ಕಣ್ಣೆದುರೇ ಏರುತ್ತಿತ್ತು. ಸಾಕೆನಿಸಿದಾಗ ರಿಸೀವರ್ ಇಟ್ಟುಬಿಡಬಹುದಿತ್ತು. ಚೀಟಿಯಲ್ಲಿ ಬಂದಷ್ಟು ದುಡ್ಡು ಕೊಟ್ಟರೆ ಋಣ ಮುಗಿಯಿತು.

1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯ ಹಿಂದೆಯೇ, ಅದೇ ವರ್ಷದ ನವೆಂಬರಿನಲ್ಲಿ ನಾಲ್ಕು ಮಹಾನಗರಗಳಿಗೆ ಎರಡೆರಡರಂತೆ ಮೊಬೈಲ್ ಪರವಾನಗಿಗಳನ್ನು ಹಂಚಲಾಯಿತು. ಮುಂಬಯಿ ಬಿ.ಪಿ.ಎಲ್. ಮೊಬೈಲಿಗೂ, ಮ್ಯಾಕ್ಸ್ ಟಚ್ ಎಂಬ ಹೆಸರಿನಲ್ಲಿ ಬಂದ ಹಚಿಸನ್ ಮ್ಯಾಕ್ಸಿಗೂ ಸಿಕ್ಕಿತು. ಈ ಹಂಚಿಕೆಯ ವಿವಾದವೇ ಸರ್ವೋಚ್ಚ ನ್ಯಾಯಾಲಯದ ಪ್ರಸಿದ್ಧ ಟಾಟಾ ಸೆಲ್ಯುಲರ್ ತೀರ್ಪಿಗೆ ಕಾರಣ. ಸರಕಾರದ ಗುತ್ತಿಗೆ ನಿರ್ಣಯಗಳನ್ನು ನ್ಯಾಯಾಲಯ ಎಷ್ಟರಮಟ್ಟಿಗೆ ಪರಿಶೀಲಿಸಬಹುದೆಂಬುದಕ್ಕೆ ಇಂದಿಗೂ ಅದನ್ನೇ ಉಲ್ಲೇಖಿಸುತ್ತಾರೆ. ನಗರ ಅಧಿಕೃತವಾಗಿ ಬಾಂಬೆಯಿಂದ ಮುಂಬಯಿಯಾದ 1995ರಲ್ಲೇ ಇಲ್ಲಿ ಮೊಬೈಲ್ ಸೇವೆಯೂ ಶುರುವಾಯಿತು.

ಪರವಾನಗಿಯ ಷರತ್ತಿನ ಪ್ರಕಾರ ತಿಂಗಳ ಬಾಡಿಗೆಯ ಮಿತಿ 156 ರೂಪಾಯಿ. ನಿಮಿಷಕ್ಕೆ 8 ರೂಪಾಯಿ 40 ಪೈಸೆ. ದಟ್ಟಣೆಯ ಹೊತ್ತಿನಲ್ಲಿ ಇಮ್ಮಡಿ, ಎಂದರೆ 16 ರೂಪಾಯಿ 80 ಪೈಸೆ. ಈ ಅಂಕಿಗಳನ್ನು ಕೇಳಿ ಇಂದು ನಗು ಬರುತ್ತದೆ. ನಮ್ಮ ಗಮನ ಮಾತ್ರ ಇನ್ನೊಂದು ಷರತ್ತಿನ ಮೇಲಿದೆ: ಕರೆ ಮಾಡಿದವನಷ್ಟೇ ಅಲ್ಲ, ಕರೆ ಬಂದವನೂ ಹಣ ತೆರಬೇಕಿತ್ತು. ಅಪರಿಚಿತನೊಬ್ಬ ತಪ್ಪಿ ನಂಬರ್ ಒತ್ತಿದರೂ, ಮಾರಾಟದವನು ಪೀಡಿಸಿದರೂ ಮೀಟರು ಓಡುವುದು ನಮ್ಮದು. ಅಂಚೆಯಲ್ಲಿ ಸ್ಟಾಂಪು ಅಂಟಿಸದೆ ಬಂದ ‘ಬೇರಿಂಗ್’ ಕಾಗದಕ್ಕೆ ಇಮ್ಮಡಿ ತೆತ್ತು ಬಿಡಿಸಿಕೊಳ್ಳುವ ಪದ್ಧತಿ ನಮಗೆ ಗೊತ್ತಿತ್ತು. ಆದರೆ ಆ ಕಾಗದವನ್ನು ಬೇಡವೆನ್ನಬಹುದಿತ್ತು. ಮೊಬೈಲಿನಲ್ಲಿ ಬೇಡವೆನ್ನುವ ಒಂದೇ ಉಪಾಯ ಎಂದರೆ ಎತ್ತದಿರುವುದು. ಹೆಸರು ನೋಡಿ ಕತ್ತರಿಸಿ, ಹತ್ತಿರದ ಒಂದು ರೂಪಾಯಿಯ ಡಬ್ಬಿ ಫೋನಿನಿಂದ ತಿರುಗಿ ಮಾತಾಡುವ ಜಾಣ್ಮೆ ಆಗಲೇ ಹುಟ್ಟಿತು. ಮುಂದೆ ಅದೇ ‘ಮಿಸ್ಡ್ ಕಾಲ್’ ಎಂಬ ಒಂದು ಪೂರ್ಣ ಭಾಷೆಯಾಗಿ ಬೆಳೆಯಿತು. ಒಂದು ಸಲ ಬಡಿದರೆ ಹೊರಟೆ, ಎರಡು ಸಲ ಬಡಿದರೆ ತಲುಪಿದೆ. ಲಿಪಿಯಿಲ್ಲದ, ವ್ಯಾಕರಣವುಳ್ಳ ಆ ಭಾಷೆಯ ಮೇಲೆ ನಮ್ಮ ಭಾಷಾವಿಜ್ಞಾನಿಗಳು ಯಾರಾದರೂ ಬರೆದಿದ್ದರೆ ಓದುವ ಆಸೆ ನಮಗಿದೆ.

1997ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಎಂದರೆ ಟ್ರಾಯ್, ಸ್ಥಾಪನೆಯಾಯಿತು. ಅದು 1999ರ ಮಾರ್ಚಿನಲ್ಲಿ ಹೊರಡಿಸಿದ ಮೊದಲ ದೊಡ್ಡ ದರ ಆದೇಶವು ಒಂದು ಸ್ವಾರಸ್ಯಕರ ಸಂಗತಿ. ನಿಮಿಷದ ದರವನ್ನು 6 ರೂಪಾಯಿಗೆ ಇಳಿಸಿದ ಆ ಆದೇಶವೇ ತಿಂಗಳ ಬಾಡಿಗೆಯ ಮಿತಿಯನ್ನು 156ರಿಂದ 600ಕ್ಕೆ ಏರಿಸಿತು. ಜಾಲ ಕಟ್ಟುವ ಖರ್ಚು ಮಾತಾಡಿದರೂ ಒಂದೇ, ಮಾತಾಡದಿದ್ದರೂ ಒಂದೇ. ಆದ್ದರಿಂದ ಸ್ಥಿರ ಖರ್ಚನ್ನು ಬಾಡಿಗೆಯಿಂದಲೇ ಭರಿಸಬೇಕು ಎಂಬುದು ಅದರ ಹಿಂದಿನ ತರ್ಕ. ಅರ್ಥಶಾಸ್ತ್ರದ ದೃಷ್ಟಿಯಿಂದ ತಪ್ಪೆನ್ನಲಾಗದು. ಆದರೆ ತಿಂಗಳಿಗೆ ನೂರಾರು ನಿಮಿಷ ಮಾತಾಡುವ ದಲಾಲನಿಗೆ ಉಳಿತಾಯವಾದರೆ, ತುರ್ತಿಗೆಂದು ಫೋನು ಇಟ್ಟುಕೊಂಡವನ ಬಿಲ್ಲು ಏರಿತು. ಕಡಿಮೆ ಬಳಸುವವನು ಹೆಚ್ಚು ಬಳಸುವವನ ಭಾರವನ್ನು ಎಷ್ಟು ಹೊರಬೇಕು? ಈ ಪ್ರಶ್ನೆಗೆ ಅಂದು ಸಿಕ್ಕ ಉತ್ತರವನ್ನು ಇಪ್ಪತ್ತು ವರ್ಷಗಳ ಬಳಿಕ ಬೇರೆ ವೇಷದಲ್ಲಿ ನಾವು ಮತ್ತೆ ನೋಡಲಿದ್ದೆವು.

ಬಂದ ಕರೆಗೆ ಹಣ ತೆರುವ ಪದ್ಧತಿಯನ್ನು ತೆಗೆದು, ಕರೆ ಮಾಡಿದವನೇ ತೆರಲಿ ಎಂದು ಅದೇ ವರ್ಷ ಟ್ರಾಯ್ ಆದೇಶಿಸಿತು. ಮೊಬೈಲಿನವರಿಗೆ ಇದು ನ್ಯಾಯ. ಆದರೆ ಆಗ ದೇಶದ ಬಹುಪಾಲು ಫೋನುಗಳು ಮನೆಯ ಮೂಲೆಯ ತಂತಿಯವು. ಆ ಮನೆಯವನು ಮೊಬೈಲಿಗೆ ಕರೆ ಮಾಡಿದರೆ ಸ್ಥಳೀಯ ಕರೆಗಿಂತ ಹೆಚ್ಚು ಕೊಡಬೇಕಾಗುತ್ತಿತ್ತು. ಶ್ರೀಮಂತನ ಅಂಗೈಯ ಆಟಿಕೆಗೆ ಸಾಮಾನ್ಯ ಗೃಹಸ್ಥ ಏಕೆ ತೆರಬೇಕು ಎಂದು ಗ್ರಾಹಕ ಸಂಘಟನೆಗಳು ಕೇಳಿದವು. ಮಹಾನಗರ ನಿಗಮವೂ ತನ್ನ ಕಾರಣಗಳಿಗಾಗಿ ವಿರೋಧಿಸಿತು. 2000ದ ಜನವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಗೊಳಿಸಿತು. ಟ್ರಾಯ್‌ಗೆ ಅಷ್ಟು ಅಧಿಕಾರವಿಲ್ಲವೆಂಬುದು ಅದರ ಸಾರ. ಅದೇ ತಿಂಗಳು ಸರಕಾರ ಸುಗ್ರೀವಾಜ್ಞೆಯ ಮೂಲಕ ಕಾಯ್ದೆಯನ್ನೇ ಬದಲಿಸಿ, ವ್ಯಾಜ್ಯಗಳಿಗೆಂದು ಟಿ.ಡಿ.ಸ್ಯಾಟ್ ಎಂಬ ಪ್ರತ್ಯೇಕ ನ್ಯಾಯಮಂಡಳಿಯನ್ನು ಸೃಷ್ಟಿಸಿತು. ಒಳಬರುವ ಕರೆ ಉಚಿತವಾಗಲು 2003ರವರೆಗೆ ಕಾಯಬೇಕಾಯಿತು. ಇಬ್ಬರು ಗ್ರಾಹಕರ ನ್ಯಾಯ ಒಂದಕ್ಕೊಂದು ಎದುರಾಗಿ ನಿಂತ ಈ ಪ್ರಸಂಗವನ್ನು ನಾವು ಬೇಗ ಮರೆತೆವು. ಕಂಪನಿ ಒಂದು ಕಡೆ, ಬಳಕೆದಾರ ಇನ್ನೊಂದು ಕಡೆ ಎಂಬಷ್ಟು ಸರಳ ಇತಿಹಾಸ ಇದಲ್ಲ.

ಇಷ್ಟರಲ್ಲಿ 2001ರಲ್ಲಿ ಮಹಾನಗರ ನಿಗಮದ ‘ಡಾಲ್ಫಿನ್’ ಮೂರನೆಯ ಮೊಬೈಲಾಗಿಯೂ, ಮರುವರ್ಷ ಏರ್‌ಟೆಲ್ ನಾಲ್ಕನೆಯದಾಗಿಯೂ ಮುಂಬಯಿಗೆ ಬಂದವು. ಎರಡೇ ಅಂಗಡಿಗಳಿದ್ದ ಪೇಟೆಯಲ್ಲಿ ಮೂರನೆಯದು, ಅದೂ ಸರಕಾರದ್ದು, ತೆರೆದಾಗ ದರ ತಾನಾಗಿ ಇಳಿಯಿತು. 2002ರ ಡಿಸೆಂಬರ್ 28ರಂದು, ಧೀರೂಭಾಯಿ ಅಂಬಾನಿಯವರ ಜನ್ಮದಿನಕ್ಕೆ, ನವಿ ಮುಂಬಯಿಯ ಕೋಪರ್‌ಖೈರಣೆಯ ಬೃಹತ್ ಆವರಣವನ್ನು ಕೇಂದ್ರವಾಗಿರಿಸಿಕೊಂಡು ರಿಲಯನ್ಸ್ ಇನ್ಫೋಕಾಂ ಕಣಕ್ಕಿಳಿಯಿತು. ಪೋಸ್ಟ್‌ಕಾರ್ಡಿಗಿಂತ ಅಗ್ಗದ ಕರೆ ಎಂಬುದು ಅದರ ಘೋಷಣೆ; ಕಾರ್ಡಿಗೆ ಆಗ 50 ಪೈಸೆ, ಕರೆಗೆ ನಿಮಿಷಕ್ಕೆ 40. 2003ರ ಮಳೆಗಾಲದಲ್ಲಿ 501 ರೂಪಾಯಿ ಕೊಟ್ಟವನ ಕೈಗೆ ಹ್ಯಾಂಡ್‌ಸೆಟ್ ಬಂತು. ಉಳಿದ ಹಣ ಕಂತುಗಳಲ್ಲಿ. ಮುಂದಿನ ತಾರೀಕಿನ ಚೆಕ್ಕುಗಳನ್ನೂ ಈ ಯೋಜನೆಗಳಲ್ಲಿ ಪಡೆಯಲಾಗುತ್ತಿತ್ತು. ಫೋನಿನೊಳಗೆ ಬದಲಿಸಲಾಗುವ ಸಿಮ್ ಇಲ್ಲ. ಕಂಪನಿ ಬಿಟ್ಟರೆ ಫೋನೂ ಕಾಗದ ಒತ್ತುವ ಕಲ್ಲಿಗೆ ಸಮ. ವಿಲಾಯತಿಯಲ್ಲೂ ಅಮೆರಿಕದಲ್ಲೂ ಎರಡು ವರ್ಷದ ಕರಾರಿಗೆ ಗ್ರಾಹಕನನ್ನು ಕಟ್ಟಿಹಾಕುವ ಪದ್ಧತಿಯ ಬಗ್ಗೆ ಬಹಳ ವಾದವಿವಾದ ನಡೆದಿದೆ; ನಮ್ಮಲ್ಲಿ ಆ ಬಗೆಯ ದೀರ್ಘ ಕರಾರು ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೊಳಗಾದದ್ದು ಇದೇ ಸಂದರ್ಭದಲ್ಲಿ. ಅದು ನಿಲ್ಲಲಿಲ್ಲ. ತಿಂಗಳ ಬಿಲ್ಲಿಗಿಂತ ಮುಂಗಡ ಹಣದ ಚೀಟಿಯೇ ಈ ದೇಶಕ್ಕೆ ಒಗ್ಗಿತು. ಅರ್ಧ ಲೋಟದ ಕಟಿಂಗ್ ಚಹಾ ಕುಡಿದು ಬೆಳೆದ ನಗರ ಹತ್ತು ರೂಪಾಯಿಯ ‘ಛೋಟಾ ರೀಚಾರ್ಜ್’ ಅನ್ನು ಕಣ್ಣು ಮುಚ್ಚಿ ಒಪ್ಪಿಕೊಂಡದ್ದರಲ್ಲಿ ಅಚ್ಚರಿಯೇನಿದೆ?

ಇಲ್ಲಿಂದ ಮುಂದಿನ ಕಥೆ ಅಳತೆಗಳದ್ದು. ದರ ಇಳಿಯುತ್ತಲೇ ಹೋಯಿತು. ಅಳತೆಯ ಪಾತ್ರೆ ಮಾತ್ರ ಆಗಾಗ ಬದಲಾಗುತ್ತಿತ್ತು.

ಮೊದಲು ನಿಮಿಷ. 61 ಸೆಕೆಂಡ್ ಮಾತಾಡಿದರೆ ಎರಡು ನಿಮಿಷದ ಹಣ. ಮುಂಬಯಿಯ ಹಳೆಯ ಟ್ಯಾಕ್ಸಿಗಳ ತಗಡಿನ ಮೀಟರು ಮತ್ತು ಕೈಯ ದರಪಟ್ಟಿಯನ್ನು ಬಲ್ಲವರಿಗೆ ಈ ಬಗೆಯ ಮುಂದೂಡಿದ ಅಂಕಿ ಹೊಸದಲ್ಲ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದು ಸಾರಿದಾಗ, ಉಳಿದ ಕಂಪನಿಗಳು ಮೊದಲು ಮುಖ ಸಿಂಡರಿಸಿ, ಕೆಲವೇ ತಿಂಗಳಲ್ಲಿ ಅದನ್ನೇ ಅನುಸರಿಸಿದವು. ನಿಮಿಷಕ್ಕೆ 60 ಪೈಸೆ ಎಂಬುದು ಅಂದಿಗೆ ಅತ್ಯಗ್ಗದ ದರವೇನಲ್ಲ. ಜನ ಅದನ್ನು ಮೆಚ್ಚಿದ್ದು ಮಾತಾಡಿದಷ್ಟಕ್ಕೇ ತೆರುವ ಸಮಾಧಾನಕ್ಕಾಗಿ.

ಗಡಿಯ ಅಳತೆ ಮುಂಬಯಿ ಕನ್ನಡಿಗರಿಗೆ ಇನ್ನೂ ಹತ್ತಿರದ ವಿಷಯ. ಪರವಾನಗಿಯ ನಕ್ಷೆಯಲ್ಲಿ ಮುಂಬಯಿ, ನವಿ ಮುಂಬಯಿ, ಕಲ್ಯಾಣ ಸೇರಿ ಒಂದು ವಲಯ, ಉಳಿದ ಮಹಾರಾಷ್ಟ್ರ ಮತ್ತು ಗೋವೆ ಇನ್ನೊಂದು, ಕರ್ನಾಟಕ ಮತ್ತೊಂದು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದ ಮೇಲೆ ಕರಾವಳಿಯವರು ಕುರ್ಲಾದಿಂದ ಹೊರಟು ಮರುದಿನ ಊರು ಸೇರತೊಡಗಿದರು. ಪನ್ವೇಲ್ ದಾಟಿ ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಒಂದು ಸ್ವಾಗತ ಸಂದೇಶ. ಕಾರವಾರದ ಹತ್ತಿರ ಇನ್ನೊಂದು. ಸ್ವಾಗತವೆಂದರೆ ಇನ್ನು ಮುಂದೆ ಬಂದ ಕರೆಗೂ ಹಣ ಎಂದು ಅರ್ಥ. ಕಾಸರಗೋಡಿನ ಕಡೆಯವರಿಗೆ ಕೇರಳದ ಸ್ವಾಗತವೂ ಸೇರಿ ಮೂರು. ರಾಜ್ಯ ಪುನರ್ವಿಂಗಡಣೆಯ ಗಡಿರೇಖೆ ಕನ್ನಡಿಗರನ್ನು ಎಷ್ಟು ಬಗೆಯಲ್ಲಿ ಕಾಡಿದೆಯೋ, ಅದಕ್ಕೆ ಇದೊಂದು ಪುಟ್ಟ ಪುರವಣಿ. ಊರಿನಲ್ಲಿ ಮದುವೆಗೋ ಬೊಜ್ಜಕ್ಕೋ ನಾಲ್ಕು ದಿನ ನಿಂತವನ ಫೋನಿನ ಖರ್ಚು ಬಸ್ಸಿನ ಖರ್ಚನ್ನು ಮೀರುತ್ತಿತ್ತು. ಹಾಗಾಗಿ ಎರಡು ಸಿಮ್, ಒಂದು ಮುಂಬಯಿಯದು, ಒಂದು ಊರಿನದು. ಪರ್ಸಿನ ಮೂಲೆಯಲ್ಲಿ ದೇವರ ಪ್ರಸಾದದ ಪೊಟ್ಟಣದ ಜೊತೆಗೆ.

ಟ್ರಾಯ್ 2007ರ ಫೆಬ್ರವರಿಯಿಂದ ರೋಮಿಂಗಿಗೆ ಮಿತಿ ಹಾಕಿತು: ಬಂದ ಕರೆಗೆ ನಿಮಿಷಕ್ಕೆ ಗರಿಷ್ಠ 1 ರೂಪಾಯಿ 75 ಪೈಸೆ. ರೋಮಿಂಗಿಗೆಂದು ಪಡೆಯುತ್ತಿದ್ದ ಬಾಡಿಗೆಯೂ ಹೋಯಿತು. 2013ರಲ್ಲಿ ಅದು 75 ಪೈಸೆಗೆ, 2015ರಲ್ಲಿ 45 ಪೈಸೆಗೆ ಇಳಿಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ದೇಶವೆಲ್ಲ ಒಂದೇ ಎಂದಿತು. ಮರುವರ್ಷ ಇತರರೂ ಹಾಗೆಯೇ ಎಂದರು. ಗಡಿಯ ಸುಂಕ ಅಳಿಸಿಹೋದದ್ದು ಮೊಬೈಲ್ ಚರಿತ್ರೆಯಲ್ಲಿ ನಿಸ್ಸಂಶಯವಾಗಿ ಒಳ್ಳೆಯ ಸಂಗತಿ.

‘ಜೀವಾವಧಿ’ಯ ಪ್ರಸಂಗ ಇದಕ್ಕೆ ತದ್ವಿರುದ್ಧ. 2005ರ ಕೊನೆಯಲ್ಲಿ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ‘ಲೈಫ್‌ಟೈಮ್’ ಚೀಟಿಗಳು ಬಂದವು. ಒಮ್ಮೆ ಕೊಟ್ಟರೆ ಸಾಕು, ಜೀವಮಾನವಿಡೀ ಕರೆ ಬರುತ್ತಿರುತ್ತದೆ. ಯಾರ ಜೀವಮಾನ? ಈ ಪ್ರಶ್ನೆಗೆ ಟ್ರಾಯ್ 2006ರ ಮಾರ್ಚಿನಲ್ಲಿ ಕೊಟ್ಟ ಉತ್ತರ ಒಂದು ಒಳ್ಳೆಯ ವಿಡಂಬನೆಯಂತಿದೆ. ಗ್ರಾಹಕನ ಜೀವಮಾನವಲ್ಲ, ಫೋನಿನದೂ ಅಲ್ಲ. ಕಂಪನಿಯ ಪರವಾನಗಿಯ ಜೀವಮಾನ, ಅದು ನವೀಕರಣಗೊಂಡರೆ ಆ ಅವಧಿಯೂ ಸೇರಿ. ಪರವಾನಗಿ ಮುಗಿಯುವ ತಾರೀಕನ್ನು ಗ್ರಾಹಕನಿಗೆ ತಿಳಿಸಬೇಕೆಂದೂ ಅದು ವಿಧಿಸಿತು. ತಾರೀಕು ಓದಿದವರು ಎಷ್ಟು ಮಂದಿ ಇದ್ದರೋ. ಮುಂಬಯಿಯ ಮೊದಲ ಎರಡು ಕಂಪನಿಗಳಲ್ಲೊಂದಾದ ಬಿ.ಪಿ.ಎಲ್. ಮೊಬೈಲ್ 2009ರಲ್ಲಿ ‘ಲೂಪ್’ ಎಂದು ಹೆಸರು ಬದಲಿಸಿಕೊಂಡಿತ್ತು. 1994ರಲ್ಲಿ ಪಡೆದ ಇಪ್ಪತ್ತು ವರ್ಷದ ಪರವಾನಗಿ 2014ರ ನವೆಂಬರ್ 29ಕ್ಕೆ ಮುಗಿಯಿತು. ತರಂಗಗಳ ಹರಾಜಿನಲ್ಲಿ ಅದಕ್ಕೆ ಪಾಲು ದೊರೆಯಲಿಲ್ಲ; ಏರ್‌ಟೆಲಿಗೆ ಮಾರುವ ಒಪ್ಪಂದವೂ ಕೊನೆಯ ಗಳಿಗೆಯಲ್ಲಿ ಮುರಿಯಿತು. ಲಕ್ಷಾಂತರ ಮುಂಬಯಿಗರು ನಂಬರು ಉಳಿಸಿಕೊಳ್ಳಲು ಬೇರೆ ಕಂಪನಿಗಳ ಅಂಗಡಿಗಳ ಮುಂದೆ ನಿಂತರು. 2011ರ ಜನವರಿಯಿಂದ ದೇಶವ್ಯಾಪಿಯಾಗಿದ್ದ ನಂಬರ್ ವರ್ಗಾವಣೆಯ ಸೌಲಭ್ಯ ಇಲ್ಲದಿದ್ದರೆ ಅದೂ ಸಾಧ್ಯವಿರಲಿಲ್ಲ. ಆದರೆ ವರ್ಗಾವಣೆಯಲ್ಲಿ ನಂಬರು ಮಾತ್ರ ಹೋಗುತ್ತದೆ. ಪ್ರೀಪೇಡ್ ಖಾತೆಯಲ್ಲಿ ಉಳಿದ ಹಣ ಹೋಗುವುದಿಲ್ಲ.

ಅನ್ಯಾಯವಾಯಿತೆಂದು ಕಂಡವನು ಹೋಗಬೇಕಾದದ್ದು ಎಲ್ಲಿಗೆ? ಈ ನಗರ ಗ್ರಾಹಕ ಚಳವಳಿಯ ತವರು. 1966ರಲ್ಲಿ ಮಹಿಳೆಯರು ಸೇರಿ ಕಟ್ಟಿದ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ದೇಶದ ಆದಿಮ ಗ್ರಾಹಕ ಸಂಸ್ಥೆಗಳಲ್ಲೊಂದು. ಬಿಂದುಮಾಧವ ಜೋಶಿಯವರ ನೇತೃತ್ವದಲ್ಲಿ 1975ರಲ್ಲಿ ಹುಟ್ಟಿದ ಮುಂಬಯಿ ಗ್ರಾಹಕ ಪಂಚಾಯತ್ ಮನೆಮನೆಗೆ ಸರಿಯಾದ ತೂಕದ ದಿನಸಿ ತಲುಪಿಸುತ್ತ ಬೆಳೆದದ್ದು. 1986ರ ಗ್ರಾಹಕ ರಕ್ಷಣಾ ಕಾಯ್ದೆ ಬಂದಾಗ ಫೋನಿನ ದೂರುಗಳೂ ವೇದಿಕೆಗಳಿಗೆ ಹೋಗತೊಡಗಿದವು. ಆದರೆ ಕೇರಳದ ಒಂದು ಪ್ರಕರಣದಲ್ಲಿ 2009ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, 1885ರ ತಂತಿ ಕಾಯ್ದೆಯ 7-ಬಿ ಕಲಮಿನಂತೆ ಬಿಲ್ಲಿನ ವಿವಾದ ಸರಕಾರ ನೇಮಿಸುವ ಮಧ್ಯಸ್ಥನ ಮುಂದೆ ಹೋಗಬೇಕು, ಗ್ರಾಹಕ ವೇದಿಕೆಗೆ ಅಧಿಕಾರವಿಲ್ಲ ಎಂದಿತು. ಟ್ರಾಯ್ ವೈಯಕ್ತಿಕ ದೂರುಗಳನ್ನು ವಿಚಾರಿಸುವ ಸಂಸ್ಥೆಯಲ್ಲ. ಟಿ.ಡಿ.ಸ್ಯಾಟ್ ಒಬ್ಬೊಬ್ಬ ಗ್ರಾಹಕನ ದೂರನ್ನು ಏಕೆ ತೆಗೆದುಕೊಳ್ಳುವುದಿಲ್ಲವೆಂದರೆ, ಅಂತಹ ದೂರುಗಳಿಗೆ ಗ್ರಾಹಕ ವೇದಿಕೆಗಳಿವೆ ಎಂದು ಕಾಯ್ದೆಯೇ ಹೇಳುತ್ತದೆ. ಮೂರು ಬಾಗಿಲುಗಳೂ ಒಂದನ್ನೊಂದು ತೋರಿಸಿ ಮುಚ್ಚಿಕೊಂಡವು. ಇನ್ನೂರು ಮುನ್ನೂರು ರೂಪಾಯಿಯ ತಕರಾರಿಗೆ ದೆಹಲಿಯಿಂದ ಮಧ್ಯಸ್ಥನನ್ನು ನೇಮಿಸಿಕೊಂಡು ಬರುವವನು ಯಾರು?

ಈ ಗೊಂದಲ ಬಗೆಹರಿಯಲು 2022ರ ಫೆಬ್ರವರಿ 16 ಬರಬೇಕಾಯಿತು. ತಿಂಗಳಿಗೆ ಸರಾಸರಿ 555 ರೂಪಾಯಿ ಬಿಲ್ಲು ಬರುತ್ತಿದ್ದ ಅಹಮದಾಬಾದಿನ ಒಬ್ಬ ಗ್ರಾಹಕರಿಗೆ 2013ರ ಒಂದು ತಿಂಗಳಿಗೆ 24,609 ರೂಪಾಯಿಯ ಬಿಲ್ಲು ಬಂದಿತ್ತು. ಕಂಪನಿ ವೇದಿಕೆಯ ಅಧಿಕಾರವನ್ನೇ ಪ್ರಶ್ನಿಸುತ್ತ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರ ಪೀಠ, ಗ್ರಾಹಕ ಕಾಯ್ದೆಯ ಪರಿಹಾರ ಹೆಚ್ಚುವರಿಯಾದದ್ದು, ತಂತಿ ಕಾಯ್ದೆ ಅದಕ್ಕೆ ಅಡ್ಡಿಯಲ್ಲ ಎಂದು ತೀರ್ಮಾನಿಸಿತು. ಆ ಹನ್ನೆರಡು ವರ್ಷಗಳಲ್ಲಿ ಬಾಗಿಲಿನಿಂದ ಹಿಂತಿರುಗಿದವರ ಹಣ ಹಿಂತಿರುಗಲಿಲ್ಲ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಟ್ರಾಯ್ ಸುಮ್ಮನಿತ್ತೆಂದಲ್ಲ. ಚೀಟಿಗಳಿಗೆ ಕೆಂಪು, ಹಸುರು, ಹಳದಿ ಪಟ್ಟಿ ಹಾಕಿಸಿ ಇದು ಯೋಜನೆಯ ಚೀಟಿ, ಇದು ಟಾಪ್‌ಅಪ್, ಇದು ವಿಶೇಷ ದರದ್ದು ಎಂದು ಓದು ಬಾರದವನಿಗೂ ತಿಳಿಯುವಂತೆ ಮಾಡಿದ್ದು 2012ರ ಗ್ರಾಹಕ ರಕ್ಷಣಾ ನಿಯಮಾವಳಿ. ಕೇಳದೆಯೇ ಅಂಟಿಸುವ ಹಾಡಿನ ರಿಂಗು, ರಾಶಿಭವಿಷ್ಯಗಳಿಗೆ ಎರಡು ಬಾರಿ ಒಪ್ಪಿಗೆ ಪಡೆಯಬೇಕೆಂದೂ ಟ್ರಾಯ್ ವಿಧಿಸಿತು. ದೀಪಾವಳಿ, ಹೊಸವರ್ಷಗಳಂದು ಅಗ್ಗದ ಎಸ್.ಎಂ.ಎಸ್. ಯೋಜನೆಗಳನ್ನು ಅಮಾನತಿನಲ್ಲಿಟ್ಟು ಪೂರ್ಣ ದರ ವಸೂಲು ಮಾಡುವ ‘ಬ್ಲ್ಯಾಕ್‌ಔಟ್’ ದಿನಗಳಿಗೂ ಮಿತಿ ಬಂತು. ಶುಭಾಶಯ ಹೇಳುವ ದಿನವನ್ನೇ ಹಿಡಿದು ದರ ಏರಿಸಿದ ಆ ಬುದ್ಧಿಯನ್ನು ಏನೆನ್ನೋಣ! ಹಬ್ಬದ ಮುನ್ನಾದಿನ ಹೂವಿನ ಬೆಲೆ ಏರಿಸುವ ದಾದರಿನ ಹೂವಾಡಗಿತ್ತಿಯಾದರೂ ಅಂದು ತಾನೂ ಹೆಚ್ಚು ತೆತ್ತು ತಂದಿರುತ್ತಾಳೆ.

ಕರೆ ಅರ್ಧಕ್ಕೆ ಕಡಿದುಹೋದರೆ ಗ್ರಾಹಕನಿಗೆ ಒಂದು ರೂಪಾಯಿ, ದಿನಕ್ಕೆ ಮೂರರವರೆಗೆ, ಹಿಂತಿರುಗಿಸಬೇಕೆಂದು 2016ರ ಜನವರಿಯಿಂದ ಜಾರಿಯಾಗಬೇಕಿದ್ದ ನಿಯಮವನ್ನು ಮಾತ್ರ ಸರ್ವೋಚ್ಚ ನ್ಯಾಯಾಲಯ ಅದೇ ಮೇ ತಿಂಗಳಲ್ಲಿ ರದ್ದುಪಡಿಸಿತು. ಕರೆ ಕಡಿಯಲು ಬಳಕೆದಾರನ ಕಡೆಯ ಕಾರಣಗಳೂ ಇರುತ್ತವೆಂದು ಟ್ರಾಯ್‌ನ ತಾಂತ್ರಿಕ ಪತ್ರವೇ ಒಪ್ಪಿರುವಾಗ ಎಲ್ಲ ಹೊರೆಯನ್ನೂ ಕಂಪನಿಯ ಮೇಲೆ ಹೊರಿಸುವುದು ಸ್ವೇಚ್ಛೆಯ ಕ್ರಮ ಎಂದಿತು. ತೀರ್ಪು ಬರೆದ ನ್ಯಾಯಮೂರ್ತಿ ರೋಹಿಂಟನ್ ನರಿಮನ್ ಮುಂಬಯಿ ಮೂಲದವರು. ಲೋಕಲ್ ಗಾಡಿಯಲ್ಲಿ ಮಾತಾಡುವ ನಮಗೆ ತೀರ್ಪು ಕಹಿಯೆನಿಸಿತು. ಆದರೆ ಅದರ ತರ್ಕದಲ್ಲಿ ಬಿರುಕು ತೋರಿಸುವುದು ಕಷ್ಟ. ಕಟ್ಟಡದ ತಾರಸಿಯ ಮೇಲಿನ ಟವರು ಬೇಡವೆನ್ನುವ ಸೊಸೈಟಿಗಳೂ, ಸಿಗ್ನಲ್ ಇಲ್ಲವೆಂದು ಗೊಣಗುವ ಅದೇ ಸೊಸೈಟಿಗಳ ಸದಸ್ಯರೂ ನಾವೇ ಅಲ್ಲವೆ?

ಕೊನೆಯದಾಗಿ ತಿಂಗಳು. 2018ರ ಕೊನೆಯಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕನಿಷ್ಠ 35 ರೂಪಾಯಿಯ ರೀಚಾರ್ಜನ್ನು ಕಡ್ಡಾಯ ಮಾಡಿದವು. ಖಾತೆಯಲ್ಲಿ ಹಣವಿದ್ದರೂ ಅವಧಿ ತೀರಿದರೆ ಹೊರ ಕರೆ ಬಂದ್, ಆಮೇಲೆ ಒಳ ಕರೆಯೂ ಬಂದ್. ಹಣ ಉಳಿದಿರುವವರ ಸೇವೆ ಕೂಡಲೇ ನಿಲ್ಲಿಸಬಾರದೆಂದು ಟ್ರಾಯ್ ಹೇಳಿತಾದರೂ ಪದ್ಧತಿ ಬೇರೂರಿತು. ಅವಧಿ 28 ದಿನ. ಏಕೆ 28? ನಾಲ್ಕು ವಾರ ಎಂಬುದು ಅವರ ಉತ್ತರ. ಸೌರಮಾನದ ತಿಂಗಳಿಗೆ 30 ಚಿಲ್ಲರೆ, ಚಾಂದ್ರಮಾನದ್ದಕ್ಕೆ 29½. ನಮ್ಮ ಪಂಚಾಂಗಗಳಲ್ಲಿ ಯಾವ ಮಾಸವೂ 28ಕ್ಕೆ ಮುಗಿಯುವುದಿಲ್ಲ. 28ರ ಲೆಕ್ಕದಲ್ಲಿ ವರ್ಷಕ್ಕೆ 13 ರೀಚಾರ್ಜು. ಪಂಚಾಂಗದಲ್ಲಿ ಅಧಿಕ ಮಾಸ ಮೂರು ವರ್ಷಕ್ಕೊಮ್ಮೆ ಬರುತ್ತದೆ, ಮೊಬೈಲಿನಲ್ಲಿ ಪ್ರತಿವರ್ಷ. ಇದೇ ನಗರದ ಲೋಕಲ್ ರೈಲಿನ ಪಾಸನ್ನು ನೋಡಿ. ಐದನೆಯ ತಾರೀಕು ತೆಗೆದದ್ದು ಮುಂದಿನ ತಿಂಗಳ ನಾಲ್ಕರವರೆಗೆ. ತಿಂಗಳಿಗೆ 31 ದಿನವಿದ್ದರೆ ರೈಲ್ವೆಯದೇ ನಷ್ಟ. 2022ರ ಜನವರಿಯಲ್ಲಿ ಟ್ರಾಯ್ ಪ್ರತಿ ಕಂಪನಿಯೂ 30 ದಿನದ ಚೀಟಿಯನ್ನೂ, ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಿಸುವ ಚೀಟಿಯನ್ನೂ ಒಂದಾದರೂ ಇಡಬೇಕೆಂದು ಆದೇಶಿಸಿತು. ಇಟ್ಟರು. ಆದರೂ ಅಂಗಡಿಯವನು ಮೊದಲು ತೋರಿಸುವುದು 28ರದ್ದನ್ನೇ.

2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದೆರಡು ದಿನಗಳ ಅಂತರದಲ್ಲಿ ದರ ಏರಿಸಿದವು. ಜಿಯೊದ 28 ದಿನದ 155ರ ಚೀಟಿ 189 ಆಯಿತು. ಉಳಿದೆರಡರ 179ರದ್ದು 199. ಇವುಗಳಲ್ಲಿ ಡೇಟಾ ಸೇರಿಯೇ ಇರುತ್ತದೆ. ಗುಂಡಿಯೊತ್ತುವ ಸಾದಾ ಫೋನಿನ ಅಜ್ಜಿಗೂ, ಊರಿನಿಂದ ಮಗನ ಕರೆ ಬಂದರೆ ಸಾಕೆನ್ನುವ ಕ್ಯಾಂಟೀನಿನ ಅಡುಗೆಯವನಿಗೂ ಬಳಸದ ಇಂಟರ್ನೆಟ್ಟಿಗೆ ಹಣ. 1999ರ ಪ್ರಶ್ನೆ ಹೀಗೆ ಹಿಂತಿರುಗಿತು. ಅಂದು ಫೋನನ್ನು ಬಿಟ್ಟುಬಿಡಬಹುದಿತ್ತು. ಇಂದು ಬ್ಯಾಂಕಿನ ಒ.ಟಿ.ಪಿ., ಆಧಾರ್, ಪಡಿತರ, ಪಿಂಚಣಿ ಎಲ್ಲವೂ ಆ ನಂಬರಿಗೆ ಕಟ್ಟಿಕೊಂಡಿವೆ. 90 ದಿನ ಬಳಸದ ನಂಬರು ಕೈತಪ್ಪಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ನಂಬರು ಉಳಿಸಬೇಕೆಂಬ 2013ರ ನಿಯಮವೊಂದಿದೆ; ಅದು ನಂಬರಿನ ಒಡೆತನವನ್ನು ಕಾಯುತ್ತದೆಯೇ ಹೊರತು ಸೇವೆಯನ್ನಲ್ಲ.

ಕಂಪನಿಗಳ ಪರವಾಗಿಯೂ ಹೇಳಬೇಕಾದದ್ದಿದೆ. ಭಾರತದ ಡೇಟಾ ದರ ಜಗತ್ತಿನ ಅತ್ಯಗ್ಗದವುಗಳಲ್ಲೊಂದು. 2019ರ ಅಕ್ಟೋಬರಿನ ಎ.ಜಿ.ಆರ್. ತೀರ್ಪಿನ ಬಳಿಕ ಸರಕಾರಕ್ಕೆ ತೆರಬೇಕಾದ ಬಾಕಿ ಕೆಲವು ಕಂಪನಿಗಳನ್ನು ಮುಳುಗುವ ಹಂತಕ್ಕೆ ತಂದಿತು. ಕೋಪರ್‌ಖೈರಣೆಯಿಂದ ಹೊರಟ ರಿಲಯನ್ಸಿನ ಆ ಮೊಬೈಲ್ ಕರೆ 2017ರ ಡಿಸೆಂಬರಿನಲ್ಲೇ ನಿಂತಿತ್ತು. ಪೋಸ್ಟ್‌ಕಾರ್ಡಿಗಿಂತ ಅಗ್ಗವಾಗುತ್ತೇನೆಂದು ಹೊರಟದ್ದು ಪೋಸ್ಟ್‌ಕಾರ್ಡಿಗಿಂತ ಮೊದಲೇ ಹೋಯಿತು. ಹತ್ತಾರು ಅಂಗಡಿಗಳಿದ್ದ ಬೀದಿಯಲ್ಲಿ ಈಗ ಖಾಸಗಿಯವು ಮೂರು, ಅದರಲ್ಲೂ ಗಟ್ಟಿಯಾಗಿ ನಿಂತಿರುವವು ಎರಡು. ನಮ್ಮ ಆಕ್ಷೇಪ 189 ಹೆಚ್ಚಾಯಿತೆಂಬುದಲ್ಲ. ಬೇಕಾದದ್ದನ್ನು ಬೇಕಾದಷ್ಟೇ ಕೊಳ್ಳುವ ಅವಕಾಶ ಹೋಯಿತೆಂಬುದು.

ಅದನ್ನು ಟ್ರಾಯ್ ಕೂಡ ಒಪ್ಪಿಕೊಂಡಂತಿದೆ. 2024ರ ಡಿಸೆಂಬರ್ 23ರ ತಿದ್ದುಪಡಿಯಲ್ಲಿ ಮಾತು ಮತ್ತು ಎಸ್.ಎಂ.ಎಸ್.ಗಳಿಗೆ ಮಾತ್ರ ಮೀಸಲಾದ ಚೀಟಿಯೊಂದನ್ನಾದರೂ ಇಡಬೇಕೆಂದು ಅದು ಕಡ್ಡಾಯಪಡಿಸಿತು. ವಿಶೇಷ ಚೀಟಿಗಳ ಗರಿಷ್ಠ ಅವಧಿಯನ್ನು 90ರಿಂದ 365 ದಿನಗಳಿಗೆ ಹೆಚ್ಚಿಸಿತು. ಮರು ತಿಂಗಳು ಚೀಟಿಗಳು ಬಂದವು. ಮೊದಲು ಪ್ರಕಟಿಸಿದ ದರಗಳನ್ನು ಪರಿಶೀಲಿಸುವುದಾಗಿ ಟ್ರಾಯ್ ಹೇಳಿದ ಮೇಲೆ ಕಂಪನಿಗಳು ಅವನ್ನು ಸ್ವಲ್ಪ ಇಳಿಸಿದವು: ಜಿಯೊದಲ್ಲಿ 448, ಏರ್‌ಟೆಲ್‌ನಲ್ಲಿ 469 ರೂಪಾಯಿ. ಅವಧಿ 84 ದಿನ. ಮೂರು ತಿಂಗಳಲ್ಲ, ಮೂರು ಇಪ್ಪತ್ತೆಂಟು. ಏರ್‌ಟೆಲ್‌ನ ವರ್ಷದ ಚೀಟಿ 1849ಕ್ಕೆ 365 ದಿನ. ಜಿಯೊದ್ದು 1748ಕ್ಕೆ 336 ದಿನ, ಹನ್ನೆರಡು ಇಪ್ಪತ್ತೆಂಟು. ಅದನ್ನು ವರ್ಷದ್ದೆಂದು ಭಾವಿಸಿ ತೆಗೆದುಕೊಂಡವರ ಫೋನು, ವರ್ಷ ತುಂಬಲು ಇನ್ನೂ 29 ದಿನ ಇರುವಾಗ ಮೌನವಾಗುತ್ತದೆ. ಮಕ್ಕಳ ಕೈಯಿಂದ ರೀಚಾರ್ಜ್ ಮಾಡಿಸಿಕೊಳ್ಳುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಆ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.